ಹಂಚಿದ್ದು ಕಾಯಿಯೋ, ಮರವೋ?

ಸೆಪ್ಟೆಂಬರ್ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಊರೂರಿನಲ್ಲೂ ಶಾಮಿಯಾನಗಳು ಏಳುತ್ತವೆ. ಮದುವೆಯವಲ್ಲ, ಆ ಹೊತ್ತಿಗೆ ಪಿತೃಪಕ್ಷದ ಆಸುಪಾಸು. ಅವು ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯ ಶಾಮಿಯಾನಗಳು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ಸೆಪ್ಟೆಂಬರ್ 25ರೊಳಗೆ ಪ್ರತಿ ಸಂಘವೂ ತನ್ನ ಸದಸ್ಯರನ್ನು ಕೂಡಿಸಿ ಲೆಕ್ಕ ಒಪ್ಪಿಸಬೇಕು. ಹಿಂದಿನ ಸಭೆಯ ನಡವಳಿ ಓದುವುದು, ಲೆಕ್ಕಪರಿಶೋಧನಾ ವರದಿ ಮಂಡಿಸುವುದು, ಅಡಾವೆ ಪತ್ರಿಕೆಗೆ ಒಪ್ಪಿಗೆ ಪಡೆಯುವುದು, ಆಮೇಲೆ ನಿವ್ವಳ ಲಾಭದ ವಿಲೇವಾರಿ. ಈ ಕೊನೆಯ ವಿಷಯಕ್ಕೆ ಬಂದಾಗಲೇ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ಡಿವಿಡೆಂಡ್ ಶೇಕಡಾ ಇಷ್ಟು ಎಂದು ಕಾರ್ಯದರ್ಶಿ ಮೈಕಿನಲ್ಲಿ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ.

ಆಗ ಯಾರೋ ಒಬ್ಬರು ಎದ್ದು ನಿಲ್ಲುತ್ತಾರೆ. ಪ್ರತಿ ಸಂಘದಲ್ಲೂ ಇಂಥವರು ಒಬ್ಬರಿರುತ್ತಾರೆ. ‘ಹೋದ ವರ್ಷಕ್ಕಿಂತ ಸುಸ್ತಿ ಜಾಸ್ತಿಯಾಗಿದೆ, ಲಾಭವೂ ಜಾಸ್ತಿಯಾಗಿದೆ. ಇದು ಹೆಂಗೆ?’ ಎಂದು ಕೇಳುತ್ತಾರೆ. ವೇದಿಕೆಯ ಮೇಲಿನವರ ಮುಖ ಗಂಟಾಗುತ್ತದೆ. ಪಕ್ಕದಲ್ಲಿ ಕೂತವರು ಪಂಚೆ ಹಿಡಿದು ಎಳೆಯುತ್ತಾರೆ. ‘ಕೂತ್ಕಳಣ್ಣ, ಊಟಕ್ಕೆ ಹೊತ್ತಾಯ್ತು’ ಎಂಬ ಮಾತು ಬರುತ್ತದೆ. ಬಹುತೇಕ ಸಭೆಗಳಲ್ಲಿ ಗೆಲ್ಲುವುದು ಊಟವೇ.

ಆ ಪ್ರಶ್ನೆ ಕೇಳಿದ ಮನುಷ್ಯ ಸಭೆಗೆ ಏನು ಕೊಡುತ್ತಿದ್ದಾನೆ ಎಂಬುದು ಯೋಚಿಸಬೇಕಾದ ಸಂಗತಿ. ಲಾಭಾಂಶವನ್ನು ನಂಬಿ ಹಣ ಹೂಡಿದವರ ಗುಂಪು ಹಳ್ಳಿಯ ಸಹಕಾರ ಸಂಘವಾಗಿರಬಹುದು, ಮುಂಬೈ ಕಂಪನಿಯ ಷೇರುದಾರರಾಗಿರಬಹುದು. ಎಲ್ಲಿಯೇ ಆಗಲಿ ಅಂಥ ಗುಂಪಿಗೆ ಒಂದು ವಿಚಿತ್ರ ಗುಣವಿದೆ. ಎಲ್ಲರ ಹಣವೂ ಒಂದೇ ಕಡೆ ಇರುವುದರಿಂದ ಎಲ್ಲರ ಆಸೆಯೂ ಒಂದೇ. ಒಳ್ಳೆಯ ಸುದ್ದಿ ತಂದವರು ಅಲ್ಲಿ ಬಂಧು, ಸಂಶಯ ಪಟ್ಟವರು ದಾಯಾದಿ. ಹೀಗಾಗಿ ಸಂಶಯಕ್ಕೆ ಹೆಚ್ಚು ಅಗತ್ಯವಿರುವ ಕಡೆಯೇ ಅದಕ್ಕೆ ಜಾಗ ಕಡಿಮೆ.

ಸೋಜಿಗದ ಮಾತೆಂದರೆ, ಕೊಬ್ಬರಿಯ ವಿಷಯಕ್ಕೆ ಬಂದರೆ ಇದೇ ಜನ ಯಾರನ್ನೂ ಸುಲಭಕ್ಕೆ ನಂಬುವವರಲ್ಲ.

ಈ ಸೀಮೆಯ ಉಂಡೆ ಕೊಬ್ಬರಿ ಒಂದು ದಿನದಲ್ಲಿ ಆಗುವ ಸರಕಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಉರುಳುವ ಸದ್ದು ಕೇಳಬೇಕು. ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು. ಹೀಗೆ ತಯಾರಾದ ಕೊಬ್ಬರಿ ದೆಹಲಿ, ಉತ್ತರ ಪ್ರದೇಶ, ರಾಜಸ್ಥಾನಗಳ ಹಬ್ಬದ ಅಂಗಡಿಗಳಿಗೆ ಹೋಗುತ್ತದೆ. ಅಂದರೆ ತೆಂಗು ಬೆಳೆಗಾರನಿಗೆ ವರ್ಷವಿಡೀ ಒಂದು ತೀರ್ಮಾನ ಕಾದೇ ಇರುತ್ತದೆ: ಎಳನೀರಿಗೆ ಕೊಡುವುದೋ, ಹಸಿ ಕಾಯಿ ಮಾರುವುದೋ, ಅಟ್ಟಕ್ಕೇರಿಸಿ ಮುಂದಿನ ವರ್ಷದ ಬೆಲೆಗೆ ಕಾಯುವುದೋ? ಹೂಡಿಕೆದಾರನ ಪ್ರಶ್ನೆಗಳೆಂದು ಪೇಟೆಯ ಜನ ಕರೆಯುವುದೂ ಇವನ್ನೇ.

ಈ ಪ್ರಶ್ನೆಗಳ ಮೇಲೆ ಇಲ್ಲಿ ನಡೆಯುವ ವಾದಕ್ಕೆ ಹೊತ್ತುಗೊತ್ತಿಲ್ಲ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ವಾರಕ್ಕೆ ಎರಡು ಸಲ ಹರಾಜು. ಖರೀದಿದಾರ ಚೀಲದೊಳಗೆ ಕೈಹಾಕಿ ಗಾತ್ರ, ಬಣ್ಣ, ಬೂಷ್ಟು ನೋಡಿಯೇ ದರ ಹಾಕುತ್ತಾನೆ. ರೈತ ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ. ಹರಾಜು ಮುಗಿದ ಮೇಲೆ ಟೀ ಅಂಗಡಿಯಲ್ಲಿ ಮುಂದಿನ ವಾರದ ದರದ ಬಗ್ಗೆ ಹತ್ತು ಜನ ಹನ್ನೊಂದು ಮಾತು ಆಡುತ್ತಾರೆ.

ಕಳೆದ ಕೆಲವು ವರ್ಷ ಈ ವಾದಗಳಿಗೆ ಒಳ್ಳೆಯ ಪರೀಕ್ಷೆಯೇ ಆಯಿತು. 2022ರ ಆರಂಭದಲ್ಲಿ ಕ್ವಿಂಟಲ್‌ಗೆ 17,000 ರೂಪಾಯಿ ಆಸುಪಾಸಿನಲ್ಲಿದ್ದ ಕೊಬ್ಬರಿ 2023ರಲ್ಲಿ 8,000ದ ಸುತ್ತ ಬಂದು ನಿಂತಿತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಸಾರಿದ್ದ ಬೆಂಬಲ ಬೆಲೆ 11,750. ಬೆಂಬಲ ಬೆಲೆ ಇತ್ತು, ಮಾರುಕಟ್ಟೆ ಮಾತ್ರ ಅದರ ಬಹಳ ಕೆಳಗಿತ್ತು. ‘ತೆಂಗಿನ ಕಾಲ ಮುಗಿಯಿತು, ಅಡಿಕೆ ಹಾಕಿ’ ಎಂದವರು ಆಗ ಜಾಣರೆನಿಸಿಕೊಂಡರು. ಅವರ ಮಾತು ಕೇಳಿ ಅಟ್ಟ ಖಾಲಿ ಮಾಡಿದವರೂ ಇದ್ದರು, ಸಾಲದ ಒತ್ತಡದಿಂದ ಮಾರಲೇಬೇಕಾದವರೂ ಇದ್ದರು. ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 2025ರ ಮಧ್ಯದಲ್ಲಿ ತಿಪಟೂರಿನ ದರ 30,000 ರೂಪಾಯಿಯ ಮಟ್ಟ ಮುಟ್ಟಿ ದಾಖಲೆಯಾಯಿತು.

ಹಾಗಾದರೆ ಸಂಶಯ ಪಟ್ಟವರು ಸೋತರೇ? ಬೆಲೆಯ ಮಟ್ಟಿಗೆ ಹೌದು. ಆದರೆ ಬೆಲೆ ಏಕೆ ಏರಿತೆಂಬುದನ್ನು ನೋಡಿದರೆ ಬೇರೊಂದು ಲೆಕ್ಕ ಸಿಗುತ್ತದೆ. ದಕ್ಷಿಣದ ರಾಜ್ಯಗಳಲ್ಲೆಲ್ಲ ಇಳುವರಿ ಕುಸಿದಿತ್ತು. ಬಿಳಿ ನೊಣ, ಕಪ್ಪು ತಲೆ ಹುಳು, ಕಾಂಡ ಸೋರುವ ರೋಗ, ಬರಗಾಲದ ಹೊಡೆತ ಎಲ್ಲ ಸೇರಿ ಗೊನೆಗಳು ಹಗುರಾಗಿದ್ದವು. ಬಂದ ಕಾಯಿಯಲ್ಲೂ ದೊಡ್ಡ ಪಾಲು ಎಳನೀರಾಗಿ ಹೆದ್ದಾರಿ ಸೇರುತ್ತಿತ್ತು. ಕೊಬ್ಬರಿ ದುಬಾರಿಯಾದದ್ದು ಬಹುಮಟ್ಟಿಗೆ ಕಾಯಿ ಇಲ್ಲದ್ದರಿಂದ. ಕೈಗೆ ಬಂದ ನೋಟು ಹೆಚ್ಚು, ತೋಟದ ಶಕ್ತಿ ಕಡಿಮೆ. ಆ ವರ್ಷ ಒಬ್ಬ ಬೆಳೆಗಾರ ತನ್ನ ಆದಾಯವನ್ನು ಕಂಡು ಹಿಗ್ಗಿದ್ದರೆ ಅದು ಸಹಜ. ಆದರೆ ಆ ಹಣದಲ್ಲಿ ಎಷ್ಟು ಫಲದಿಂದ ಬಂದದ್ದು, ಎಷ್ಟು ಮರ ಸವೆದು ಬಂದದ್ದು ಎಂದು ಕೇಳುವವರು ಬೇಕಿತ್ತು. ಒಣಗಿದ ಕೊಳವೆಬಾವಿಯ ಪಕ್ಕದಲ್ಲಿ ಇನ್ನೂ ಆಳದ ಕೊಳವೆಬಾವಿ ಕೊರೆದು ನಿಲ್ಲಿಸಿಕೊಂಡ ತೋಟಗಳಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ.

ಡಿವಿಡೆಂಡ್ ಎಂಬ ಪದದ ಒಳಗಿರುವುದೂ ಇದೇ ಪ್ರಶ್ನೆ. ತೋಟ ಅಸಲು, ಕಾಯಿ ಅದರ ಪಾಲು. ಕಂಪನಿಯೊಂದು ವರ್ಷದ ಕೊನೆಗೆ ಷೇರುದಾರರಿಗೆ ಹಣ ಹಂಚಿದಾಗ ಅದು ದುಡಿದು ಗಳಿಸಿದ ಲಾಭದಿಂದ ಬಂದಿರಬಹುದು. ಯಂತ್ರ ಬದಲಿಸದೆ, ದುರಸ್ತಿ ಮಾಡದೆ ಉಳಿಸಿದ್ದರಿಂದ ಬಂದಿರಬಹುದು. ಸಾಲ ಎತ್ತಿ ಕೊಟ್ಟಿರಬಹುದು. ಕೈಗೆ ಬರುವ ನೋಟಿನ ಮೇಲೆ ಇದರ ಗುರುತು ಇರುವುದಿಲ್ಲ. ಹತ್ತು ರೂಪಾಯಿ ಎಲ್ಲಿಂದ ಬಂದರೂ ಹತ್ತು ರೂಪಾಯಿಯೇ. ಮೂಲ ಗೊತ್ತಾಗುವುದು ಲೆಕ್ಕದ ಪುಸ್ತಕದಲ್ಲಿ. ಆ ಪುಸ್ತಕವನ್ನು ತೆರೆಸಬೇಕಾದರೆ ಯಾರಾದರೂ ಕೇಳಬೇಕು.

ಈಚೆಗೆ ಷೇರು ವ್ಯವಹಾರ ಫೋನಿನೊಳಕ್ಕೆ ಬಂದ ಮೇಲೆ ಈ ತಿಳಿವಳಿಕೆ ಸಣ್ಣ ಊರುಗಳಿಗೂ ಬೇಕಾಗಿದೆ. ದೇಶದಲ್ಲಿ 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು 2024ರ ವೇಳೆಗೆ 15 ಕೋಟಿ ದಾಟಿದವು. ಹೊಸದಾಗಿ ಬಂದವರಲ್ಲಿ ಹಲವರಿಗೆ ಬೆಲೆಯ ಏರಿಳಿತಕ್ಕಿಂತ ವರ್ಷಕ್ಕೊಮ್ಮೆ ಖಾತೆಗೆ ಬಂದು ಬೀಳುವ ಡಿವಿಡೆಂಡ್ ಇಷ್ಟ. ಪಿಂಚಣಿಯ ಹಾಗೆ ಕಾಣುತ್ತದೆ. ಇಂಥವರು ಕೂಡಿದ ಕಡೆ ಒಂದು ತಪ್ಪು ಲೆಕ್ಕ ಪದೇ ಪದೇ ತಲೆಯೆತ್ತುತ್ತದೆ. 200 ರೂಪಾಯಿ ಬೆಲೆಯ ಷೇರು 10 ರೂಪಾಯಿ ಕೊಟ್ಟರೆ ಶೇ 5ರ ಆದಾಯ. ಕಂಪನಿಯ ಸ್ಥಿತಿ ಕೆಟ್ಟು ಬೆಲೆ 100ಕ್ಕೆ ಇಳಿದರೆ, ಹೋದ ವರ್ಷದ ಅದೇ 10 ರೂಪಾಯಿಯ ಲೆಕ್ಕದಲ್ಲಿ ಆದಾಯ ಶೇ 10 ಎಂದು ತೋರುತ್ತದೆ. ರೋಗ ಹೆಚ್ಚಿದಂತೆ ಮುಖದ ಕಳೆಯೂ ಹೆಚ್ಚಿದ ಹಾಗೆ! ಮುಂದಿನ ವರ್ಷ ಆ 10 ರೂಪಾಯಿ ಬರುತ್ತದೆಯೇ ಎಂದು ಕೇಳುವ ಒಬ್ಬರು ಗುಂಪಿನಲ್ಲಿದ್ದರೆ ಹತ್ತು ಜನರ ಉಳಿತಾಯ ಉಳಿಯುತ್ತದೆ. ಇನ್ನೂ ಮುಂದೆ ಹೋಗಿ, ಡಿವಿಡೆಂಡ್ ಕೊಡುವುದರಿಂದ ಸಂಪತ್ತೇನೂ ಹುಟ್ಟುವುದಿಲ್ಲ, ಕಂಪನಿಯ ಜೇಬಿನಿಂದ ಷೇರುದಾರನ ಜೇಬಿಗೆ ಅದು ಸಾಗುತ್ತದೆ ಅಷ್ಟೆ ಎಂದು ವಾದಿಸಿದವರೂ ಉಂಟು. ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಗ್ಲಿಯಾನಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ಮಂಡಿಸಿದ ಈ ವಾದ ಡಿವಿಡೆಂಡ್ ಪ್ರಿಯರಿಗೆ ಇಂದಿಗೂ ಕಹಿ. ಒಪ್ಪಬೇಕೆಂದಿಲ್ಲ. ಆದರೆ ಅದಕ್ಕೆ ಉತ್ತರ ಹುಡುಕಿದವರಿಗೆ ತಾವು ಡಿವಿಡೆಂಡನ್ನು ಏಕೆ ಬಯಸುತ್ತೇವೆ ಎಂಬುದಾದರೂ ಸ್ಪಷ್ಟವಾಗುತ್ತದೆ.

ಲಾಭಾಂಶದ ಬಗೆಗಿನ ಜಗಳ ಷೇರು ಎಂಬುದು ಹುಟ್ಟಿದಷ್ಟೇ ಹಳೆಯದು. ಅದರ ಮೊದಲ ಅಧ್ಯಾಯದಲ್ಲಿ ಮೆಣಸಿನ ಘಾಟೂ ಇದೆ. 1602ರಲ್ಲಿ ಹಾಲೆಂಡಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾಯಿತು. ವರ್ತಕರಷ್ಟೇ ಅಲ್ಲ, ಸಾಮಾನ್ಯ ಕಸುಬಿನವರೂ ಅದರಲ್ಲಿ ಹಣ ಹಾಕಿದರು. ಹಡಗುಗಳು ಪೂರ್ವಕ್ಕೆ ಹೋದವು, ಕೋಟೆಗಳು ಎದ್ದವು, ಯುದ್ಧಗಳು ನಡೆದವು. ವರ್ಷಗಳು ಕಳೆದರೂ ಹೂಡಿದವರ ಕೈಗೆ ಏನೂ ಬರಲಿಲ್ಲ. 1609ರಲ್ಲಿ ಐಸಾಕ್ ಲ ಮೇರ್ ಎಂಬ ದೊಡ್ಡ ಷೇರುದಾರ ಕಂಪನಿಯ ಆಡಳಿತವನ್ನು ಆಕ್ಷೇಪಿಸಿ ಸರ್ಕಾರಕ್ಕೆ ಮನವಿ ಬರೆದ. ಷೇರುದಾರನೊಬ್ಬ ಆಡಳಿತ ಮಂಡಳಿಯನ್ನು ಬಹಿರಂಗವಾಗಿ ಪ್ರಶ್ನಿಸಿದ ಮೊದಲ ದಾಖಲೆಗಳಲ್ಲಿ ಇದೂ ಒಂದೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಲ ಮೇರ್ ಸಾಧುಸಂತನೇನಲ್ಲ. ಅವನು ಹಿಂದೆ ಅದೇ ಕಂಪನಿಯಲ್ಲಿ ದೊಡ್ಡ ಮನುಷ್ಯನಾಗಿದ್ದು ಜಗಳವಾಡಿ ಹೊರಬಂದವನು. ಸಾಲದ್ದಕ್ಕೆ, ಕಂಪನಿಯ ಷೇರು ಬೆಲೆ ಬಿದ್ದರೆ ತಮಗೆ ಲಾಭವಾಗುವಂಥ ವ್ಯವಹಾರವನ್ನು ಅವನೂ ಅವನ ಜೊತೆಗಾರರೂ ಗುಟ್ಟಾಗಿ ಮಾಡಿಕೊಂಡಿದ್ದರು. ಕೈಯಲ್ಲಿಲ್ಲದ ಷೇರನ್ನು ಮಾರುವ ಆ ಬಗೆಯ ವ್ಯವಹಾರವನ್ನು 1610ರಲ್ಲಿ ಸರ್ಕಾರ ನಿಷೇಧಿಸಿತು. ಅಂತೂ ಅದೇ ವರ್ಷ ಕಂಪನಿ ತನ್ನ ಮೊದಲ ಡಿವಿಡೆಂಡ್ ಘೋಷಿಸಿತು. ಹಣವಾಗಿ ಅಲ್ಲ, ಮೊದಲು ಜಾಪತ್ರೆಯಾಗಿ, ಆಮೇಲೆ ಕಾಳುಮೆಣಸಾಗಿ. ಷೇರುದಾರರು ಮೂಟೆ ಹೊತ್ತು ಮನೆಗೆ ಹೋಗಬೇಕಾಯಿತು. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಮೆಣಸಿನ ಬೆಲೆ ಏನಾಗುತ್ತದೆಂಬುದನ್ನು ತಿಪಟೂರಿನವರಿಗೆ ವಿವರಿಸಬೇಕಿಲ್ಲ.

ಜಗಳ ಅಲ್ಲಿಗೆ ನಿಲ್ಲಲಿಲ್ಲ. ಹತ್ತು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವೆವೆಂದು ಕೊಟ್ಟ ಮಾತನ್ನು ಕಂಪನಿ 1612ರಲ್ಲಿ ನಡೆಸಲಿಲ್ಲ. 1622ರಲ್ಲಿ ಅಸಮಾಧಾನಗೊಂಡ ಷೇರುದಾರರು ಕರಪತ್ರಗಳನ್ನು ಅಚ್ಚು ಹಾಕಿಸಿ ಹಂಚಿದರು. ಲೆಕ್ಕದ ಪುಸ್ತಕ ಎಲ್ಲಿ ಎಂಬುದೇ ಅವರ ಕೂಗು. ಮರುವರ್ಷ ಕಂಪನಿಯ ಸನ್ನದು ನವೀಕರಣವಾದಾಗ ದೊಡ್ಡ ಷೇರುದಾರರಿಗೆ ಲೆಕ್ಕ ನೋಡುವ ಅಲ್ಪಸ್ವಲ್ಪ ಅವಕಾಶ ಸಿಕ್ಕಿತು. ಸಣ್ಣವರಿಗೆ ಸಿಗಲಿಲ್ಲ. ಮುಂದೆ 1688ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಯೋಸೆಫ್ ಡೆ ಲಾ ವೇಗಾ ಎಂಬಾತ ಷೇರುಪೇಟೆಯ ಬಗ್ಗೆ ಪುಸ್ತಕ ಬರೆದ. ಷೇರುಪೇಟೆಯನ್ನು ಕುರಿತ ಅತ್ಯಂತ ಹಳೆಯ ಪುಸ್ತಕವೆಂದು ಹೆಸರಾದ ಅದು ಇರುವುದು ಸಂವಾದದ ರೂಪದಲ್ಲಿ. ಒಬ್ಬ ತತ್ವಜ್ಞಾನಿ, ಒಬ್ಬ ವರ್ತಕ, ಒಬ್ಬ ಷೇರುದಾರ ಕೂತು ವಾದ ಮಾಡುತ್ತಾರೆ. ಉಪದೇಶದ ಗ್ರಂಥ ಬರೆಯಬಹುದಿತ್ತು. ಈ ವಿಷಯಕ್ಕೆ ವಾದವೇ ಸರಿಯೆಂದು ಅವನಿಗೆ ತೋರಿರಬೇಕು.

ಲ ಮೇರ್‌ನ ಕತೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಸಹಕಾರ ಸಂಘದ ಸಭೆಯಲ್ಲಿ ಎದ್ದು ನಿಂತವನ ಬಾಯಿ ಮುಚ್ಚಿಸಲು ಬಳಸುವ ಅಸ್ತ್ರ ಬಹುತೇಕ ಒಂದೇ: ‘ಅವನು ಚುನಾವಣೆಯಲ್ಲಿ ಸೋತ ಗುಂಪಿನವನು, ಹೊಟ್ಟೆಯುರಿಗೆ ಕೇಳುತ್ತಾನೆ.’ ಅದು ನಿಜವೇ ಇರಬಹುದು. ನಮ್ಮ ಹಳ್ಳಿಗಳ ಸಹಕಾರ ಸಂಘದ ರಾಜಕೀಯ ಬಲ್ಲವರಾರೂ ಇಲ್ಲವೆನ್ನಲಾರರು. ಆದರೆ ಸುಸ್ತಿ ಎಷ್ಟು ಎಂಬ ಅಂಕಿ ಕೇಳಿದವನ ಹೊಟ್ಟೆಯುರಿಯಿಂದ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಲ ಮೇರ್‌ಗೆ ಷೇರು ಬೀಳಬೇಕಿತ್ತು. ಲೆಕ್ಕ ತೋರಿಸಿಲ್ಲವೆಂಬ ದೂರಿಗೆ ಮಾತ್ರ ಆಧಾರವಿತ್ತು. ಉದ್ದೇಶವನ್ನು ತೂಗಿ ಪ್ರಶ್ನೆಯನ್ನು ಬಿಸಾಡುವ ಸಭೆ ತನಗೇ ನಷ್ಟ ಮಾಡಿಕೊಳ್ಳುತ್ತದೆ.

ಚಿಕ್ಕನಾಯಕನಹಳ್ಳಿಯವರಿಗೆ ಹತ್ತಿರವೆನಿಸುವ ಇನ್ನೊಂದು ಮೊಕದ್ದಮೆ ಇಂಗ್ಲೆಂಡಿನಲ್ಲಿ ನಡೆಯಿತು. ಆ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ನಿಲ್ಲಿಸಿದ್ದು ಅಲ್ಲಿಯ ಜನಕ್ಕೆ ನೆನಪಿದೆ. ಗಣಿ ತೆಂಗಿನ ತೋಟದಂತಲ್ಲ. ತೆಗೆದ ಅದಿರು ಮತ್ತೆ ಬೆಳೆಯುವುದಿಲ್ಲ. ಹಾಗಿರುವಾಗ ಗಣಿ ಕಂಪನಿ ಹಂಚುವ ಡಿವಿಡೆಂಡ್ ಲಾಭವೋ, ಅಸಲಿನ ತುಂಡೋ? ನ್ಯೂಶಾಟೆಲ್ ಆಸ್ಫಾಲ್ಟ್ ಎಂಬ ಕಂಪನಿ ಸ್ವಿಟ್ಜರ್ಲೆಂಡಿನಲ್ಲಿ ಡಾಂಬರು ಕಲ್ಲಿನ ಗಣಿಯನ್ನು ಗುತ್ತಿಗೆ ಹಿಡಿದಿತ್ತು. ಲೀ ಎಂಬ ಷೇರುದಾರ ನ್ಯಾಯಾಲಯಕ್ಕೆ ಹೋಗಿ, ಗಣಿ ಸವೆಯುತ್ತಿದೆ, ಆ ಸವಕಳಿಯನ್ನು ತುಂಬಿಕೊಡದೆ ಡಿವಿಡೆಂಡ್ ಹಂಚುವುದು ಅಸಲನ್ನೇ ಹಂಚಿದಂತೆ ಎಂದ. 1889ರಲ್ಲಿ ತೀರ್ಪು ಅವನ ವಿರುದ್ಧ ಬಂತು. ಸವೆದುಹೋಗುವ ಆಸ್ತಿಯನ್ನು ಬಳಸುವುದಕ್ಕೇ ಹುಟ್ಟಿದ ಕಂಪನಿ ಅದನ್ನು ತುಂಬಿಕೊಡಬೇಕಿಲ್ಲ ಎಂದಿತು ನ್ಯಾಯಾಲಯ.

ಲೀ ಸೋತ. ಅವನ ಪ್ರಶ್ನೆ ಮಾತ್ರ ಲೆಕ್ಕಪತ್ರದ ಪಾಠಪುಸ್ತಕಗಳಲ್ಲಿ ಉಳಿಯಿತು. ಭಾರತದಲ್ಲಿ 1960ರ ತಿದ್ದುಪಡಿ ಕಂಪನಿ ಕಾಯ್ದೆಗೆ ಒಂದು ನಿಯಮ ಸೇರಿಸಿತು: ಯಂತ್ರ, ಕಟ್ಟಡಗಳ ಸವಕಳಿಯನ್ನು ಕಳೆದ ಮೇಲೆಯೇ ಡಿವಿಡೆಂಡ್. ಈಗಿನ 2013ರ ಕಾಯ್ದೆಯ 123ನೇ ಸೆಕ್ಷನ್ನಿನಲ್ಲೂ ಅದೇ ತತ್ವವಿದೆ. ಈ ವರ್ಷದ ಅಥವಾ ಹಿಂದಿನ ವರ್ಷಗಳ ಲಾಭದಿಂದ, ಸವಕಳಿ ಕಳೆದು, ಹಂಚಬೇಕು. ಇನ್ನೊಂದು ಸ್ವಾರಸ್ಯದ ನಿಯಮವೂ ಇದೆ. ನಿರ್ದೇಶಕರ ಮಂಡಳಿ ಶಿಫಾರಸು ಮಾಡಿದ ಡಿವಿಡೆಂಡನ್ನು ಷೇರುದಾರರ ಸಭೆ ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಆಸೆಗೆ ಮೇಲಿನ ಬಾಗಿಲು ಮುಚ್ಚಿ, ವಿವೇಕಕ್ಕೆ ಕೆಳಗಿನ ಬಾಗಿಲು ತೆರೆದಿಟ್ಟಂತಿದೆ. ಆ ಕೆಳಗಿನ ಬಾಗಿಲನ್ನು ಬಳಸಿದವರು ತೀರಾ ಅಪರೂಪ.

ಸಹಕಾರ ಚಳವಳಿಯ ದಾರಿ ಸ್ವಲ್ಪ ಬೇರೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ ತೆರೆದ ಅಂಗಡಿ ಲಾಭವನ್ನು ಸದಸ್ಯರು ಕೊಂಡ ಸಾಮಾನಿನ ಪ್ರಮಾಣಕ್ಕೆ ಹಂಚಿತು, ಮತವನ್ನು ಮಾತ್ರ ತಲೆಗೊಂದರಂತೆ ಇಟ್ಟಿತು. ನಮ್ಮಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರು ಪಡೆದಿದೆ. ನೂರು ಷೇರಿನ ಜಮೀನ್ದಾರನಿಗೂ ಒಂದು ಷೇರಿನ ಗೇಣಿದಾರನಿಗೂ ಒಂದೇ ಮತ ಎಂಬ ನಿಯಮದ ಬೆಲೆ ತಿಳಿಯಬೇಕಾದರೆ ಕಂಪನಿಯ ಸಭೆಯ ಜೊತೆ ಹೋಲಿಸಿ ನೋಡಬೇಕು. ಅಲ್ಲಿ ಷೇರು ಹೆಚ್ಚಿದ್ದವನ ದನಿ ದೊಡ್ಡದು. ಇಲ್ಲಿ ಕಾನೂನಿನ ಪ್ರಕಾರ ಎಲ್ಲರ ದನಿಯೂ ಸಮ. ಈ ಸಮಾನತೆ ಕಾಗದದ ಮೇಲೆ ಉಳಿದು, ಸಭೆಯಲ್ಲಿ ‘ಅಂಗೀಕಾರ, ಅಂಗೀಕಾರ’ ಎಂಬ ಕೋರಸ್ಸಾಗಿರುವುದು ಚಳವಳಿಯ ದೊಡ್ಡ ಸೋಲೆನ್ನಬೇಕು. ಲಾಭದಲ್ಲಿ ನಾಲ್ಕನೇ ಒಂದು ಪಾಲನ್ನಾದರೂ ಆಪದ್ಧನಕ್ಕೆ ತೆಗೆದಿಡಬೇಕೆಂದು ಕರ್ನಾಟಕದ ಕಾಯ್ದೆ ಹೇಳುತ್ತದೆ. ಆದರೆ ಲಾಭವೆಂಬುದೇ ಪುಸ್ತಕದ ಹೊಂದಾಣಿಕೆಯಿಂದ ಹುಟ್ಟಿದ್ದರೆ ಅದರ ನಾಲ್ಕನೇ ಒಂದು ಪಾಲೂ ಅಷ್ಟೇ ಗಟ್ಟಿ. ಹಳೆಯ ಸಾಲ ಕಟ್ಟಿಸಿಕೊಂಡ ದಿನವೇ ಅದೇ ಸಾಲಗಾರನಿಗೆ ಹೊಸ ಸಾಲ ಕೊಟ್ಟು ಸುಸ್ತಿಯನ್ನು ಮರೆಮಾಡುವ ಪದ್ಧತಿ ಈ ರಂಗದಲ್ಲಿರುವವರಿಗೆ ಅಪರಿಚಿತವಲ್ಲ.

ಪ್ರಶ್ನೆ ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ರಾಜಧಾನಿಯಲ್ಲೇ ಉದಾಹರಣೆಗಳಿವೆ. ಬಡ್ಡಿಯಲ್ಲ, ಲಾಭದಲ್ಲಿ ಪಾಲು ಎಂದು ಹೇಳಿ ತಿಂಗಳು ತಿಂಗಳೂ ಹಣ ಹಂಚುತ್ತಿದ್ದ ಐ.ಎಂ.ಎ. ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ಅದರ ಮುಖ್ಯಸ್ಥ ದೇಶ ಬಿಟ್ಟು ಹೋಗಿ, ಜುಲೈನಲ್ಲಿ ದೆಹಲಿಯಲ್ಲಿ ಬಂಧನಕ್ಕೊಳಗಾದ. ಹಣ ಕಳೆದುಕೊಂಡವರು ಹತ್ತಾರು ಸಾವಿರ ಮಂದಿ. ಮಗಳ ಮದುವೆಗೆ, ಹಜ್ ಯಾತ್ರೆಗೆಂದು ಕೂಡಿಟ್ಟ ಹಣ ಹಾಕಿದವರು ಅವರಲ್ಲಿದ್ದರು. ಆರು ತಿಂಗಳು ಕಳೆಯುವಷ್ಟರಲ್ಲಿ, 2020ರ ಜನವರಿಯಲ್ಲಿ, ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಅಲ್ಲಿ ಸಾಲಿನಲ್ಲಿ ನಿಂತವರಲ್ಲಿ ನಿವೃತ್ತರು ಬಹಳ. ಎರಡು ಸಂಸ್ಥೆಗಳ ಸ್ವರೂಪವೂ ಬೇರೆ, ಅವು ಸಿಕ್ಕಿಬಿದ್ದ ಪರಿಯೂ ಬೇರೆ. ಗ್ರಾಹಕರ ಧರ್ಮ, ಜಾತಿ, ಬಡಾವಣೆಯೂ ಬೇರೆ. ಒಂದು ಮಾತ್ರ ಸಮಾನ: ‘ನಮ್ಮವರು’ ಎಂಬ ನಂಬಿಕೆ ಲೆಕ್ಕ ಕೇಳುವ ನಾಲಿಗೆಯನ್ನು ಕಟ್ಟಿಹಾಕಿತ್ತು. ದೇವರ ಹೆಸರು, ಗುರುವಿನ ಹೆಸರು ಎದುರಿಗಿರುವಾಗ ಲೆಕ್ಕ ಕೇಳುವುದೇ ಅಪಚಾರವೆನಿಸುತ್ತದೆ.

ಹಾಗೆಂದು ಕೂಗಾಟವೆಲ್ಲ ವಿಮರ್ಶೆಯಲ್ಲ. ಪ್ರತಿ ವರ್ಷ ‘ಈ ಸಂಘ ಮುಳುಗುತ್ತದೆ’ ಎನ್ನುವವನ ಮಾತು ಒಂದಲ್ಲ ಒಂದು ವರ್ಷ ನಿಜವಾದರೂ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ವದಂತಿಗೆ ಹೆದರಿ ಎಲ್ಲರೂ ಒಂದೇ ದಿನ ಠೇವಣಿ ತೆಗೆಯಲು ಹೊರಟರೆ ಗಟ್ಟಿಯಾಗಿದ್ದ ಬ್ಯಾಂಕೂ ಅಲ್ಲಾಡುತ್ತದೆ. 2023ರಲ್ಲಿ ತೆಂಗು ಮುಗಿಯಿತೆಂದವರೂ ಹಾಗೆಯೇ. ಬೆಲೆ ಕುಸಿದಿದೆ ಎಂಬುದು ಅವರ ಏಕೈಕ ಆಧಾರವಾಗಿತ್ತು. ಇಳುವರಿ ಎತ್ತ ಸಾಗಿದೆ, ಎಳನೀರಿಗೆ ಎಷ್ಟು ಹೋಗುತ್ತಿದೆ ಎಂಬುದನ್ನು ಅವರು ಹೇಳಲಿಲ್ಲ, ಕೇಳಿದವರೂ ಕೇಳಲಿಲ್ಲ. ಒಳ್ಳೆಯ ಸಂಶಯಕ್ಕೆ ಒಂದು ಗುರುತಿದೆ. ಏನನ್ನು ತೋರಿಸಿದರೆ ತಾನು ಸುಮ್ಮನಾಗುತ್ತೇನೆ ಎಂಬುದನ್ನು ಅದು ಮೊದಲೇ ಹೇಳುತ್ತದೆ. ‘ಸುಸ್ತಿಯ ಪಟ್ಟಿ ತೋರಿಸಿ, ಹೋದ ವರ್ಷಕ್ಕಿಂತ ಕಡಿಮೆಯಿದ್ದರೆ ನಾನು ಕೂರುತ್ತೇನೆ’ ಎಂದವನ ಜೊತೆ ವಾದ ಮಾಡಬಹುದು. ‘ನೀವೆಲ್ಲ ಕಳ್ಳರು’ ಎಂದವನ ಜೊತೆ ಜಗಳ ಮಾತ್ರ ಸಾಧ್ಯ.

ಸದಸ್ಯನ ಕೈಯಲ್ಲಿರುವ ಸಾಧನಗಳು ಕಡಿಮೆಯೇನಿಲ್ಲ. ಮಹಾಸಭೆಗೆ ಮೊದಲು ಸಂಘ ಹಂಚುವ ವಾರ್ಷಿಕ ವರದಿಯ ಪುಸ್ತಿಕೆಯನ್ನು ಬಹುತೇಕರು ಅಧ್ಯಕ್ಷರ ಫೋಟೊ ನೋಡಿ ಮಡಚಿಡುತ್ತಾರೆ. ಅದರಲ್ಲೇ ಲೆಕ್ಕಪರಿಶೋಧಕರು ಕೊಟ್ಟ ವರ್ಗವಿರುತ್ತದೆ, ಕೊಟ್ಟ ಸಾಲ ಮತ್ತು ವಸೂಲಾದ ಸಾಲದ ಅಂಕಿಗಳಿರುತ್ತವೆ, ಬರಬೇಕಾದ ಬಡ್ಡಿಯನ್ನು ಬಂದ ಆದಾಯವೆಂದು ತೋರಿಸಿದ್ದರೆ ಅದರ ಸುಳಿವೂ ಇರುತ್ತದೆ. ಹಿಂದಿನ ವರ್ಷದ ಪುಸ್ತಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅರ್ಧ ಕತೆ ತಾನೇ ಬಿಚ್ಚಿಕೊಳ್ಳುತ್ತದೆ. ಕೇಳಿದ ಪ್ರಶ್ನೆ ಮತ್ತು ಕೊಟ್ಟ ಉತ್ತರ ನಡವಳಿ ಪುಸ್ತಕದಲ್ಲಿ ದಾಖಲಾಗಬೇಕೆಂದು ಒತ್ತಾಯಿಸುವುದು ಬಹಳ ಮುಖ್ಯ. ದಾಖಲಾಗದ ಉತ್ತರ ಮುಂದಿನ ಸೆಪ್ಟೆಂಬರ್ ಹೊತ್ತಿಗೆ ಬೇರೆಯಾಗಿರುತ್ತದೆ.

ಕಂಪನಿಯ ಷೇರು ಹಿಡಿದವರಿಗೂ ದಾರಿ ಸುಲಭವಾಗಿದೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿನಿಂದ, ವಾರ್ಷಿಕ ಸಭೆಗಳನ್ನು ವಿಡಿಯೊ ಮೂಲಕ ನಡೆಸಲು ಸರ್ಕಾರ ಅನುಮತಿ ಕೊಟ್ಟಿತು. ಒಂದೇ ಷೇರು ಇದ್ದವರೂ ಮುಂಚಿತವಾಗಿ ಹೆಸರು ಬರೆಸಿ ಮಾತಾಡಬಹುದಾಯಿತು. ತುರುವೇಕೆರೆಯ ನಿವೃತ್ತ ಮೇಷ್ಟ್ರು ಮುಂಬೈ ಕಂಪನಿಯ ಅಧ್ಯಕ್ಷರನ್ನು ಪ್ರಶ್ನಿಸಲು ರೈಲು ಹತ್ತಬೇಕಿಲ್ಲ. ಇಂಥ ಸಭೆಗಳಲ್ಲೂ ಮಾತಾಡುವ ಅನೇಕರು ಅಭಿನಂದನೆ ಹೇಳಿ, ಬೋನಸ್ ಷೇರು ಯಾವಾಗ ಎಂದು ಕೇಳಿ ಮುಗಿಸುತ್ತಾರೆಂಬುದು ಬೇರೆ ಮಾತು. ಡಿವಿಡೆಂಡ್ ಕೊಟ್ಟ ವರ್ಷವೇ ಕಂಪನಿಯ ಸಾಲವೂ ಏರಿದ್ದರೆ ಅದೇಕೆ ಎಂದು ಕೇಳಲು ಒಂದು ನಿಮಿಷ ಸಾಕು.

ತೋಟಕ್ಕೆ ಇಂಥ ಮಹಾಸಭೆ ಇಲ್ಲ. ಅಲ್ಲಿ ಅಧ್ಯಕ್ಷನೂ, ಷೇರುದಾರನೂ, ಲೆಕ್ಕಪರಿಶೋಧಕನೂ ಒಬ್ಬನೇ. ಪ್ರಶ್ನೆ ಕೇಳುವವರು ಯಾರಾದರೂ ಇದ್ದರೆ ಅದು ಮನೆಯೊಳಗಿನವರು. 2025ರ ಕೊಬ್ಬರಿ ಹಣ ಕೈಗೆ ಬಂದಾಗ ಈ ಸೀಮೆಯ ಮನೆಗಳಲ್ಲಿ ಸಾಲ ತೀರಿಸುವ ಮಾತು, ಗಾಡಿ ಕೊಳ್ಳುವ ಮಾತು, ಮದುವೆಯ ಮಾತು ಎದ್ದದ್ದು ಸಹಜವೇ. ಒಣಗಿದ ಮರಗಳ ಜಾಗಕ್ಕೆ ಸಸಿ ನೆಡುವ ಖರ್ಚಿನ ಮಾತು ಎತ್ತಿದ ಮನೆಗಳೂ ಇರಬೇಕು. ಇಲ್ಲಿಯ ನೆಲದ ಹೆಸರನ್ನೇ ಹೊತ್ತ ತಿಪಟೂರು ಎತ್ತರದ ತಳಿಯ ಸಸಿ ಆ ವರ್ಷ ಮಣ್ಣಿಗೆ ಬಿದ್ದಿದ್ದರೆ ಅದರ ಮೊದಲ ಗೊನೆ ಕಾಣುವುದು ಆರರಿಂದ ಎಂಟು ವರ್ಷಕ್ಕೆ. ಆ ಕಾಯಿ ಅಟ್ಟ ಹತ್ತಿ ಕೊಬ್ಬರಿಯಾಗಿ ಹರಾಜು ಕಟ್ಟೆಗೆ ಬರಲು ಇನ್ನೂ ಒಂದು ವರ್ಷ.